ಕಾರವಾರದ ಪ್ರಯೋಗಾಲಯದಲ್ಲಿ ರೋಗನಿರೋಧಕ ಕೋಶಗಳ ಅಧ್ಯಯನ: ರಕ್ತ ಸಂಗ್ರಹದಿಂದ ರೋಗದ ಕಾರಣದವರೆಗೆ ಒಂದು ಸಮಗ್ರ ಮಾರ್ಗದರ್ಶಿ

ಮನುಷ್ಯನ ರಕ್ತದಿಂದ ರೋಗನಿರೋಧಕ ಕೋಶಗಳನ್ನು ಬೇರ್ಪಡಿಸಿ, ಎಣಿಸಿ, ಗುರುತಿಸಿ, ಒಂದು ಕಾಯಿಲೆಯಲ್ಲಿ ಅವು ಹೇಗೆ ವರ್ತಿಸುತ್ತವೆ ಎಂಬುದನ್ನು ತಿಳಿಯುವ ಕ್ರಮವನ್ನು ಇಲ್ಲಿ ಮೊದಲಿನಿಂದ ಕೊನೆಯವರೆಗೆ ವಿವರಿಸಿದ್ದೇನೆ. ಕಾರವಾರ, ಕುಮಟಾ, ಶಿರಸಿಯ ಕಡೆ ಜೀವವಿಜ್ಞಾನದಲ್ಲಿ ಸ್ನಾತಕೋತ್ತರ ಓದು ಮುಗಿಸಿ ಮೊದಲ ಬಾರಿಗೆ ಇಂಥ ಪ್ರಯೋಗಕ್ಕೆ ಕೈ ಹಾಕುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಕಿಟ್‌ಗಳ ಜೊತೆ ಬರುವ ಸೂಚನಾ ಪತ್ರಗಳಲ್ಲಿ ವಿಧಾನವೇನೋ ಇರುತ್ತದೆ. ಆದರೆ ಅವನ್ನು ಇಪ್ಪತ್ತು ಡಿಗ್ರಿಯ ಕೋಣೆಯನ್ನೂ, ಆಸ್ಪತ್ರೆಯ ಪಕ್ಕದಲ್ಲೇ ಇರುವ ಪ್ರಯೋಗಾಲಯವನ್ನೂ ಊಹಿಸಿಕೊಂಡು ಬರೆದಿರುತ್ತಾರೆ. ನಮ್ಮಲ್ಲಿ ಏಪ್ರಿಲ್ ತಿಂಗಳಲ್ಲಿ ಮೇಜಿನ ಮೇಲಿಟ್ಟ ದ್ರಾವಣವೇ ಮೂವತ್ತೆರಡು ಡಿಗ್ರಿ ತಲುಪುತ್ತದೆ, ಮಾದರಿಯು ಘಟ್ಟ ಇಳಿದು ಬರಬೇಕಾಗುತ್ತದೆ. ಈ ಎರಡು ಸಂಗತಿಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಮಾಡಿದ ಪ್ರಯೋಗದಲ್ಲಿ ರೋಗದ ಗುರುತೆಂದು ಕಾಣುವುದು ರಸ್ತೆಯ ಗುರುತೂ ಆಗಿರಬಹುದು.

ಪ್ರಶ್ನೆ ಮತ್ತು ಹೋಲಿಕೆ

ಪಿಪೆಟ್ ಹಿಡಿಯುವ ಮೊದಲು ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ ಬರೆದಿಡಬೇಕು. ‘ಡೆಂಗಿಯಲ್ಲಿ ರೋಗನಿರೋಧಕ ಶಕ್ತಿ ಹೇಗಿರುತ್ತದೆ’ ಎಂಬುದು ಪ್ರಯೋಗಕ್ಕೆ ಒಗ್ಗುವ ಪ್ರಶ್ನೆಯಲ್ಲ. ‘ಡೆಂಗಿಯಿಂದ ಗುಣವಾಗಿ ಮೂರು ತಿಂಗಳಾದವರ ಮೋನೋಸೈಟ್‌ಗಳು, ಅದೇ ವಯಸ್ಸಿನ ಆರೋಗ್ಯವಂತರ ಮೋನೋಸೈಟ್‌ಗಳಿಗಿಂತ ಹೆಚ್ಚು ಟಿಎನ್‌ಎಫ್ ಬಿಡುಗಡೆ ಮಾಡುತ್ತವೆಯೇ’ ಎಂಬುದು ಒಗ್ಗುವ ಪ್ರಶ್ನೆ. ಇದರಲ್ಲಿ ಯಾವ ಕೋಶ (ಮೋನೋಸೈಟ್ ಎಂಬ ಬಿಳಿ ರಕ್ತಕಣ), ಯಾವ ಅಣು (ಉರಿಯೂತ ಹೆಚ್ಚಿಸುವ ಟಿಎನ್‌ಎಫ್ ಎಂಬ ಪ್ರೋಟೀನ್), ಯಾರ ಜೊತೆ ಹೋಲಿಕೆ, ಯಾವ ಹೊತ್ತಿನಲ್ಲಿ ಎಂಬ ನಾಲ್ಕೂ ಸ್ಪಷ್ಟವಾಗಿವೆ.

ಹೋಲಿಕೆಯ ಗುಂಪಿನ ವಿಷಯದಲ್ಲಿಯೇ ಹೆಚ್ಚಿನವರು ಎಡವುತ್ತಾರೆ, ನಾನೂ ಎಡವಿದ್ದೇನೆ. ನನ್ನ ಮೊದಲ ಕೆಲಸದಲ್ಲಿ ರೋಗಿಗಳ ಮಾದರಿಗಳು ಘಟ್ಟದ ಮೇಲಿನಿಂದ ಮಧ್ಯಾಹ್ನದ ಹೊತ್ತಿಗೆ ಬರುತ್ತಿದ್ದವು. ಆರೋಗ್ಯವಂತರ ಮಾದರಿಗಳನ್ನು ಕಾರವಾರದಲ್ಲಿಯೇ ಬೆಳಿಗ್ಗೆ ತೆಗೆದು ತಕ್ಷಣ ಸಂಸ್ಕರಿಸುತ್ತಿದ್ದೆವು. ರೋಗಿಗಳ ರಕ್ತವನ್ನು ಪದರಗಳಾಗಿ ಬೇರ್ಪಡಿಸಿದಾಗ, ಲಿಂಫೋಸೈಟ್ ಮತ್ತು ಮೋನೋಸೈಟ್ ಎಂಬ ಬಿಳಿ ರಕ್ತಕಣಗಳು ನಿಲ್ಲುವ ಬಿಳಿ ಪದರದಲ್ಲಿ, ತಳಕ್ಕಿಳಿಯಬೇಕಾದ ಇನ್ನೊಂದು ಬಗೆಯ ಬಿಳಿ ರಕ್ತಕಣಗಳಾದ ನ್ಯೂಟ್ರೋಫಿಲ್‌ಗಳು ತುಂಬಿಕೊಂಡಿರುವುದು ಕಂಡು, ಎರಡು ತಿಂಗಳ ಕಾಲ ಅದನ್ನೇ ಕಾಯಿಲೆಯ ಲಕ್ಷಣವೆಂದು ನಂಬಿದ್ದೆವು. ನಂಬಲು ಕಾರಣವೂ ಇತ್ತು: ದೇಹದ ರಕ್ಷಣಾ ವ್ಯವಸ್ಥೆ ದೇಹದ ಮೇಲೆಯೇ ತಿರುಗಿಬೀಳುವ ಲೂಪಸ್ ಕಾಯಿಲೆಯ ರೋಗಿಗಳ ರಕ್ತದಲ್ಲಿ ಕಡಿಮೆ ಸಾಂದ್ರತೆಯ ನ್ಯೂಟ್ರೋಫಿಲ್‌ಗಳು ಲಿಂಫೋಸೈಟ್‌ಗಳ ಪದರದಲ್ಲಿಯೇ ನಿಲ್ಲುತ್ತವೆ ಎಂಬ ವಿಷಯ 1986ರಿಂದಲೇ ತಿಳಿದಿದೆ. ಕೊನೆಗೆ ಒಬ್ಬ ಆರೋಗ್ಯವಂತ ಸ್ವಯಂಸೇವಕರ ರಕ್ತವನ್ನು ಮೂರು ಪಾಲು ಮಾಡಿ, ಒಂದು, ನಾಲ್ಕು ಮತ್ತು ಎಂಟು ಗಂಟೆಗಳ ನಂತರ ಬೇರ್ಪಡಿಸಿ ನೋಡಿದೆವು. ಎಂಟು ಗಂಟೆಯ ಕೊಳವೆಯಲ್ಲಿ ರೋಗಿಗಳಲ್ಲಿ ಕಂಡದ್ದೇ ಕಂಡಿತು. ಹೊತ್ತು ಕಳೆದ ರಕ್ತದಲ್ಲಿ ನ್ಯೂಟ್ರೋಫಿಲ್‌ಗಳು ಉದ್ರೇಕಗೊಂಡು, ಸಾಂದ್ರತೆ ಕಳೆದುಕೊಂಡು, ತಾವು ಇರಬಾರದ ಪದರಕ್ಕೆ ಏರಿ ಕುಳಿತಿದ್ದವು.

ಆದ್ದರಿಂದ ಮೊದಲ ಹೆಜ್ಜೆ ಇದು: ರೋಗಿಗಳ ಮಾದರಿ ಶಿರಸಿಯಿಂದ ಬರುವುದಾದರೆ ಹೋಲಿಕೆಯ ಮಾದರಿಯೂ ಶಿರಸಿಯಿಂದಲೇ, ಅದೇ ಪೆಟ್ಟಿಗೆಯಲ್ಲಿ, ಅದೇ ವಾಹನದಲ್ಲಿ ಬರಬೇಕು. ಸಾಧ್ಯವಾದರೆ ರೋಗಿಯ ಮನೆಯವರಲ್ಲಿಯೇ ಒಪ್ಪಿದ ಒಬ್ಬರಿಂದ ಅದೇ ಹೊತ್ತಿಗೆ ರಕ್ತ ಪಡೆಯುವುದು ಇನ್ನೂ ಒಳ್ಳೆಯದು, ಏಕೆಂದರೆ ಆಗ ಊಟ, ನೀರು, ಪರಿಸರ ಇವುಗಳ ವ್ಯತ್ಯಾಸವೂ ಕಡಿಮೆಯಾಗುತ್ತದೆ.

ಅನುಮತಿ ಮತ್ತು ಸುರಕ್ಷತೆ

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ರಾಷ್ಟ್ರೀಯ ನೈತಿಕ ಮಾರ್ಗಸೂಚಿಗಳ ಪ್ರಕಾರ, ಸಂಸ್ಥೆಯ ನೈತಿಕ ಸಮಿತಿಯ ಒಪ್ಪಿಗೆ ಕೈಗೆ ಬಂದ ಮೇಲೆಯೇ ಮೊದಲ ಹನಿ ರಕ್ತವನ್ನು ತೆಗೆಯಬಹುದು. ಸಮ್ಮತಿ ಪತ್ರವು ದಾನಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ನಮ್ಮ ಕರಾವಳಿಯಲ್ಲಿ ಕನ್ನಡದ ಪ್ರತಿಯೊಂದೇ ಸಾಲದು. ಕೊಂಕಣಿ ಮನೆಮಾತಿನ ಹಿರಿಯರಿಗೆ ಅವರ ಮಾತಿನಲ್ಲಿಯೇ ಕೂತು ವಿವರಿಸುವವರೊಬ್ಬರು ಜೊತೆಗಿರಬೇಕು. ಎಷ್ಟು ರಕ್ತ ತೆಗೆಯುತ್ತೇವೆ, ಅದನ್ನು ಎಷ್ಟು ಕಾಲ ಇಡುತ್ತೇವೆ, ಅವರು ಬೇಡವೆಂದಾಗ ಏನು ಮಾಡುತ್ತೇವೆ ಎಂಬ ಮೂರು ಮಾತುಗಳನ್ನು ಓದಿ ಹೇಳಿದರೆ ಸಾಲದು, ಕೇಳಿದವರು ತಿರುಗಿ ಹೇಳುವಂತಿರಬೇಕು.

ಎಲ್ಲ ಮಾನವ ರಕ್ತವನ್ನೂ ಸೋಂಕಿರಬಹುದಾದ ರಕ್ತವೆಂದೇ ಭಾವಿಸಿ ಕೆಲಸ ಮಾಡಬೇಕು. ಜೈವಿಕ ಸುರಕ್ಷತೆಯ ಎರಡನೇ ಹಂತದ ಪ್ರಯೋಗಾಲಯ, ಎರಡನೇ ವರ್ಗದ ಸುರಕ್ಷತಾ ಕ್ಯಾಬಿನೆಟ್, ಕೈಗವಸು, ಮುಂದೆ ಮುಚ್ಚಿದ ಕೋಟು ಇವು ಕನಿಷ್ಠ ಅಗತ್ಯಗಳು. ಕೆಲಸ ಮಾಡುವ ಪ್ರತಿಯೊಬ್ಬರೂ ಹೆಪಟೈಟಿಸ್-ಬಿ ಲಸಿಕೆಯನ್ನು ಸೊನ್ನೆ, ಒಂದು ಮತ್ತು ಆರನೇ ತಿಂಗಳಿನಲ್ಲಿ ಪಡೆದಿರಬೇಕು. ಸೂಜಿ ಚುಚ್ಚಿದರೆ ಆ ಜಾಗವನ್ನು ಹಿಂಡದೆ ಸಾಬೂನು ನೀರಿನಲ್ಲಿ ತೊಳೆದು, ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು. ಎಚ್‌ಐವಿ ತಡೆ ಔಷಧವನ್ನು ಬೇಗ ಆರಂಭಿಸಿದಷ್ಟೂ ಒಳ್ಳೆಯದು, 72 ಗಂಟೆ ದಾಟಿದ ಮೇಲೆ ಅದರಿಂದ ಉಪಯೋಗವಿರುವುದಿಲ್ಲ. ಇನ್ನೊಂದು ನಿಯಮವನ್ನು ಹೊಸಬರು ಹಗುರವಾಗಿ ಕಾಣುತ್ತಾರೆ: ತಮ್ಮದೇ ರಕ್ತದ ಕೋಶಗಳನ್ನು ತಾವೇ ಬೆಳೆಸುವ ಪ್ರಯೋಗ ಮಾಡಬಾರದು. ಪ್ರಯೋಗದಲ್ಲಿ ಬದಲಾದ ಕೋಶವೊಂದು ಅಕಸ್ಮಾತ್ತಾಗಿ ದೇಹ ಸೇರಿದರೆ, ಅದು ತನ್ನದೇ ಆದುದರಿಂದ ದೇಹ ಅದನ್ನು ಹೊರದೂಡುವುದಿಲ್ಲ.

ನಮ್ಮ ಜಿಲ್ಲೆಗೆ ವಿಶೇಷವಾದ ಎಚ್ಚರಿಕೆಯೊಂದಿದೆ. ಮಂಗನ ಕಾಯಿಲೆಯನ್ನು 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾಯಿತು. ಉಣುಗಿನಿಂದ ಹರಡುವ ಈ ವೈರಸ್ ಸಿದ್ದಾಪುರ, ಶಿರಸಿ, ಹೊನ್ನಾವರದ ಕಾಡಂಚಿನ ಹಳ್ಳಿಗಳಿಗೂ ಅಪರಿಚಿತವಲ್ಲ. ಸಾಮಾನ್ಯವಾಗಿ ಡಿಸೆಂಬರಿನಿಂದ ಮೇ ತಿಂಗಳವರೆಗೆ, ಅಂದರೆ ಜನ ದರಕು ಮತ್ತು ಸೌದೆಗೆಂದು ಕಾಡಿಗೆ ಹೋಗುವ ದಿನಗಳಲ್ಲಿ, ಪ್ರಕರಣಗಳು ಹೆಚ್ಚು. ಈ ಅವಧಿಯಲ್ಲಿ ಕಾಡಂಚಿನಿಂದ ಜ್ವರವೆಂದು ಬಂದವರ ರಕ್ತವನ್ನು, ಸರ್ಕಾರಿ ಪರೀಕ್ಷೆಯಲ್ಲಿ ಮಂಗನ ಕಾಯಿಲೆ ಅಲ್ಲವೆಂದು ಖಚಿತವಾಗುವವರೆಗೆ, ಎರಡನೇ ಹಂತದ ಪ್ರಯೋಗಾಲಯದಲ್ಲಿ ತೆರೆಯಲೇಬಾರದು. ಈ ವೈರಸ್ ಪ್ರಯೋಗಾಲಯದ ಕೆಲಸಗಾರರಿಗೇ ಸೋಂಕು ತಗುಲಿಸಿದ ಇತಿಹಾಸವಿದೆ. ಜೀವಂತ ವೈರಸ್ಸಿನ ಕೆಲಸ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯಂಥ ಉನ್ನತ ಸುರಕ್ಷತೆಯ ಜಾಗಗಳಿಗೆ ಸೇರಿದ್ದು. ಮಂಗನ ಕಾಯಿಲೆಯ ರೋಗನಿರೋಧಕ ಪ್ರತಿಕ್ರಿಯೆಯನ್ನು ಅಧ್ಯಯನ ಮಾಡುವ ಆಸೆ ಈ ಜಿಲ್ಲೆಯ ಯಾವ ವಿದ್ಯಾರ್ಥಿಗೂ ಸಹಜ. ಅದಕ್ಕೆ ದಾರಿ, ಪೂರ್ಣ ಗುಣವಾಗಿ ತಿಂಗಳುಗಳು ಕಳೆದವರ ರಕ್ತ ಮತ್ತು ಅಂಥ ಸಂಸ್ಥೆಗಳೊಂದಿಗಿನ ಸಹಯೋಗ.

ರಕ್ತ ಸಂಗ್ರಹ ಮತ್ತು ಸಾಗಣೆ

ಕೋಶಗಳ ಕೆಲಸ ನೋಡುವ ಪ್ರಯೋಗಗಳಿಗೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಸೋಡಿಯಂ ಹೆಪಾರಿನ್ ಇರುವ ಹಸಿರು ಮುಚ್ಚಳದ ಕೊಳವೆ ಉತ್ತಮ. ಅದೇ ಕೆಲಸ ಮಾಡುವ ಇಡಿಟಿಎ ಇರುವ ನೇರಳೆ ಮುಚ್ಚಳದ ಕೊಳವೆಯಲ್ಲಿ ಕ್ಯಾಲ್ಸಿಯಂ ಕಟ್ಟಿಹಾಕಿದಂತಾಗುವುದರಿಂದ, ಮುಂದೆ ಚೆನ್ನಾಗಿ ತೊಳೆಯದಿದ್ದರೆ ಕೋಶಗಳ ಪ್ರತಿಕ್ರಿಯೆ ಮಂಕಾಗುತ್ತದೆ. ಆದರೆ ಅದೇ ರಕ್ತದಿಂದ ಪಿಸಿಆರ್ (ಡಿಎನ್‌ಎ ತುಣುಕನ್ನು ಹಲವು ಪಟ್ಟು ಹೆಚ್ಚಿಸಿ ಗುರುತಿಸುವ ಪರೀಕ್ಷೆ) ಕೂಡ ಮಾಡುವುದಿದ್ದರೆ ಇಡಿಟಿಎ ಕೊಳವೆಯೊಂದನ್ನು ಪ್ರತ್ಯೇಕವಾಗಿ ತುಂಬಿಸಬೇಕು, ಏಕೆಂದರೆ ಹೆಪಾರಿನ್ ಪಿಸಿಆರ್ ಕ್ರಿಯೆಗೆ ಅಡ್ಡಿಯಾಗುತ್ತದೆ. ತುಂಬಿದ ಕೊಳವೆಯನ್ನು ಎಂಟು ಹತ್ತು ಬಾರಿ ನಿಧಾನವಾಗಿ ಮೇಲೆ ಕೆಳಗೆ ಮಾಡಿ, ಕುಲುಕದೆ, ಅದರ ಮೇಲೆ ದಾನಿಯ ಸಂಕೇತ ಸಂಖ್ಯೆಯನ್ನೂ ರಕ್ತ ತೆಗೆದ ಗಂಟೆ ನಿಮಿಷವನ್ನೂ ಬರೆಯಬೇಕು. ಹೆಸರನ್ನು ಬರೆಯಬಾರದು.

ರಕ್ತವನ್ನು ಫ್ರಿಜ್ಜಿನಲ್ಲಿಡಬಾರದು, ಐಸಿನ ಮೇಲೂ ಇಡಬಾರದು. ಹದಿನೆಂಟರಿಂದ ಇಪ್ಪತ್ತೈದು ಡಿಗ್ರಿಯೊಳಗೆ ಅದು ನೆಮ್ಮದಿಯಾಗಿರುತ್ತದೆ. ಶಿರಸಿಯಿಂದ ದೇವಿಮನೆ ಘಟ್ಟ ಇಳಿದು, ಕುಮಟಾ ಅಂಕೋಲಾ ದಾಟಿ ಕಾರವಾರ ಸೇರಲು ಸುಮಾರು ಮೂರು ಗಂಟೆ ಬೇಕು. ಬೇಸಿಗೆಯಲ್ಲಿ ನಿಲ್ಲಿಸಿದ ಕಾರಿನೊಳಗಿನ ಸೆಕೆ ಎಷ್ಟೆಂದು ಹೇಳಬೇಕಾಗಿಲ್ಲ. ಥರ್ಮೋಕೋಲ್ ಪೆಟ್ಟಿಗೆಯಲ್ಲಿ, ಫ್ರಿಜ್ಜಿನಿಂದ ತೆಗೆದು ಹೊರಗಿಟ್ಟು ತಂಪು ತಗ್ಗಿದ ಜೆಲ್ ಚೀಲಗಳನ್ನು ದಪ್ಪ ಬಟ್ಟೆಯಲ್ಲಿ ಸುತ್ತಿ ಬದಿಗಳಲ್ಲಿಟ್ಟು, ಕೊಳವೆಗಳನ್ನು ನೆಟ್ಟಗೆ ನಿಲ್ಲುವಂತೆ ಫೋಮಿನಲ್ಲಿ ಸಿಕ್ಕಿಸಿ, ಉಷ್ಣಾಂಶ ದಾಖಲಿಸುವ ಸಣ್ಣ ಯಂತ್ರವೊಂದನ್ನು ಒಳಗಿಡಬೇಕು. ಕೊಳವೆ, ಅದರ ಸುತ್ತ ಹೀರುವ ಬಟ್ಟೆ, ಸೋರದ ಎರಡನೇ ಡಬ್ಬಿ, ಗಟ್ಟಿ ಹೊರಪೆಟ್ಟಿಗೆ ಎಂಬ ಮೂರು ಸುತ್ತಿನ ಕಟ್ಟು ಕಡ್ಡಾಯ. ಮಳೆಗಾಲದಲ್ಲಿ ಬದಲಿ ದಾರಿಯನ್ನೂ ಬದಲಿ ದಿನವನ್ನೂ ಮೊದಲೇ ಗೊತ್ತುಮಾಡಿಕೊಂಡಿರಬೇಕು. 2024ರ ಜುಲೈನಲ್ಲಿ ಶಿರೂರಿನ ಬಳಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿದ್ದನ್ನು ಕಂಡವರಿಗೆ ಇದರ ಅಗತ್ಯ ವಿವರಿಸಬೇಕಿಲ್ಲ.

ರಕ್ತ ತೆಗೆದ ಎಂಟು ಗಂಟೆಯೊಳಗೆ ಬೇರ್ಪಡಿಸುವ ಕೆಲಸ ಮುಗಿಯಬೇಕು. ನನ್ನ ಅಭಿಪ್ರಾಯದಲ್ಲಿ ನಮ್ಮ ಹವೆಯಲ್ಲಿ ಐದು ಗಂಟೆಯ ಗಡುವು ಇಟ್ಟುಕೊಳ್ಳುವುದು ಕ್ಷೇಮ, ಮತ್ತು ಆ ಗಡುವು ರೋಗಿಗೂ ಆರೋಗ್ಯವಂತರಿಗೂ ಒಂದೇ ಆಗಿರಬೇಕು.

ಪದರಗಳನ್ನು ಬೇರ್ಪಡಿಸುವುದು

ಈ ವಿಧಾನವನ್ನು ನಾರ್ವೆಯ ಆರ್ನೆ ಬೋಯುಮ್ 1968ರಲ್ಲಿ ವಿವರಿಸಿದರು. ಫೈಕಾಲ್ ಎಂಬ ಸಕ್ಕರೆಯ ಪಾಲಿಮರ್ ಇರುವ ದ್ರಾವಣದ ಸಾಂದ್ರತೆಯನ್ನು ಪ್ರತಿ ಮಿಲಿಲೀಟರಿಗೆ 1.077 ಗ್ರಾಂಗೆ ಹೊಂದಿಸಿರುತ್ತಾರೆ. ಲಿಂಫೋಸೈಟ್ ಮತ್ತು ಮೋನೋಸೈಟ್‌ಗಳು ಇದಕ್ಕಿಂತ ಹಗುರ, ಆದ್ದರಿಂದ ಮೇಲೆಯೇ ನಿಲ್ಲುತ್ತವೆ. ಕೆಂಪು ಕಣಗಳು ಫೈಕಾಲ್ ತಾಗಿದೊಡನೆ ಒಂದಕ್ಕೊಂದು ಅಂಟಿ ಭಾರವಾಗಿ ತಳಕ್ಕಿಳಿಯುತ್ತವೆ, ನ್ಯೂಟ್ರೋಫಿಲ್‌ಗಳೂ ಅವುಗಳ ಜೊತೆ ಇಳಿಯುತ್ತವೆ. ಇಡೀ ಪ್ರಯೋಗ ನಿಂತಿರುವುದು ಸಾಂದ್ರತೆಯ ಈ ಸಣ್ಣ ಅಂತರದ ಮೇಲೆ, ಮತ್ತು ಉಷ್ಣಾಂಶ ಆ ಅಂತರವನ್ನು ಕೆಡಿಸುತ್ತದೆ. ದ್ರಾವಣ ಬಿಸಿಯಾದರೆ ಕೆಂಪು ಕಣಗಳು ಅತಿ ವೇಗವಾಗಿ ಗುಂಪುಗೂಡಿ, ನಡುವೆ ಸಿಕ್ಕಿದ ಲಿಂಫೋಸೈಟ್‌ಗಳನ್ನೂ ಎಳೆದುಕೊಂಡು ತಳಕ್ಕೆ ಹೋಗುತ್ತವೆ. ತೀರ ತಣ್ಣಗಾದರೆ ಗುಂಪುಗೂಡುವುದೇ ನಿಧಾನವಾಗಿ, ಹೆಚ್ಚು ಹೊತ್ತು ತಿರುಗಿಸಬೇಕಾಗುತ್ತದೆ. ಹದಿನೆಂಟರಿಂದ ಇಪ್ಪತ್ತು ಡಿಗ್ರಿ ಎಂಬುದು ಈ ಎರಡರ ನಡುವಿನ ಹದ.

ಕೋಣೆಯ ಉಷ್ಣಾಂಶ ಎಂದು ಸೂಚನಾ ಪತ್ರ ಹೇಳಿದರೆ ಕಾರವಾರದಲ್ಲಿ ಅದನ್ನು ನಂಬಬಾರದು. ಕೊಳವೆಗಳನ್ನು ವೇಗವಾಗಿ ತಿರುಗಿಸುವ ಯಂತ್ರವಾದ ಸೆಂಟ್ರಿಫ್ಯೂಜನ್ನು ಒಂದು ಗಂಟೆ ಮೊದಲೇ ಇಪ್ಪತ್ತು ಡಿಗ್ರಿಗೆ ಇಟ್ಟು, ಫೈಕಾಲನ್ನೂ ಫಾಸ್ಫೇಟ್ ಬಫರನ್ನೂ ಮುಚ್ಚಿದ ಕೊಳವೆಗಳಲ್ಲಿ ಅದರೊಳಗೇ ಇಟ್ಟರೆ ಎಲ್ಲವೂ ಒಂದೇ ಹದಕ್ಕೆ ಬರುತ್ತವೆ. ಬೇರೆ ಯಂತ್ರವಾಗಲೀ ಖರ್ಚಾಗಲೀ ಇದಕ್ಕೆ ಬೇಕಿಲ್ಲ.

ನಂತರದ ಕ್ರಮ ಹೀಗೆ. ಹದಿನೈದು ಮಿಲಿಲೀಟರ್ ರಕ್ತಕ್ಕೆ, ಕ್ಯಾಲ್ಸಿಯಂ ಮೆಗ್ನೀಸಿಯಂ ಇಲ್ಲದ, ಶೇಕಡಾ ಎರಡರಷ್ಟು ಕರುವಿನ ಸೀರಮ್ ಬೆರೆಸಿದ ಬಫರನ್ನು ಅಷ್ಟೇ ಪ್ರಮಾಣದಲ್ಲಿ ಸೇರಿಸಿ ನಿಧಾನವಾಗಿ ಬೆರೆಸಬೇಕು. ಐವತ್ತು ಮಿಲಿಲೀಟರಿನ ಕೊಳವೆಯಲ್ಲಿ ಹದಿನೈದು ಮಿಲಿಲೀಟರ್ ಫೈಕಾಲ್ ಹಾಕಿ, ಕೊಳವೆಯನ್ನು ಓರೆಯಾಗಿ ಹಿಡಿದು, ಪಿಪೆಟ್ಟಿನ ತುದಿಯನ್ನು ಒಳಗೋಡೆಗೆ ತಾಗಿಸಿ, ರಕ್ತವನ್ನು ಗೋಡೆಗುಂಟ ಇಳಿಬಿಡಬೇಕು. ದೋಸೆಯ ಕಾವಲಿಯ ಅಂಚಿಗೆ ಎಣ್ಣೆ ಬಿಡುವಾಗಿನ ಕೈನಿಧಾನ ಇಲ್ಲಿ ಬೇಕು. ಎರಡು ದ್ರವಗಳ ನಡುವಿನ ಗೆರೆ ಕತ್ತರಿಸಿದಂತೆ ಸ್ಪಷ್ಟವಾಗಿರಬೇಕು. ಕಲಸಿಹೋದರೆ ಆ ಕೊಳವೆಯ ಇಳುವರಿ ಕೆಡುತ್ತದೆ. ನಾಲ್ಕು ನೂರು ಜಿ ಬಲದಲ್ಲಿ (ಅಂದರೆ ಭೂಮಿಯ ಗುರುತ್ವದ ನಾಲ್ಕು ನೂರು ಪಟ್ಟು) ಮೂವತ್ತು ನಿಮಿಷ, ತೊಟ್ಟಿಲಿನಂತೆ ತೂಗುವ ರೋಟರಿನಲ್ಲಿ (ಕೊಳವೆಗಳನ್ನು ಹಿಡಿದು ತಿರುಗುವ ಭಾಗ), ಬ್ರೇಕನ್ನು ಪೂರ್ತಿ ತೆಗೆದು ತಿರುಗಿಸಬೇಕು. ಬ್ರೇಕ್ ಬಿದ್ದರೆ ಪದರಗಳು ಅಲುಗಿ ಮತ್ತೆ ಕಲಸಿಕೊಳ್ಳುತ್ತವೆ.

ಬಲವನ್ನು ಸುತ್ತುಗಳಲ್ಲಿ ಅಳೆಯುವ ಅಭ್ಯಾಸ ತಪ್ಪು. ಒಂದೇ ಸುತ್ತಿನ ವೇಗ ಬೇರೆ ಬೇರೆ ರೋಟರಿನಲ್ಲಿ ಬೇರೆ ಬೇರೆ ಬಲ ಕೊಡುತ್ತದೆ. ರೋಟರಿನ ತ್ರಿಜ್ಯವನ್ನು ಸೆಂಟಿಮೀಟರಿನಲ್ಲಿ ಅಳೆದು, ಅದನ್ನು ನಿಮಿಷದ ಸುತ್ತುಗಳ ವರ್ಗದಿಂದ ಗುಣಿಸಿ, ಬಂದದ್ದನ್ನು 0.00001118ರಿಂದ ಗುಣಿಸಿದರೆ ಬಲ ಸಿಗುತ್ತದೆ. ತ್ರಿಜ್ಯ ಹದಿನೇಳು ಸೆಂಟಿಮೀಟರ್ ಇದ್ದರೆ ನಾಲ್ಕು ನೂರು ಜಿ ಬಲಕ್ಕೆ ನಿಮಿಷಕ್ಕೆ ಸುಮಾರು 1450 ಸುತ್ತು ಬೇಕು. ನಿಮ್ಮ ಯಂತ್ರದ ಲೆಕ್ಕವನ್ನು ಒಂದು ಚೀಟಿಯಲ್ಲಿ ಬರೆದು ಮುಚ್ಚಳಕ್ಕೆ ಅಂಟಿಸಿಡಿ.

ಮಧ್ಯದಲ್ಲಿ ವಿದ್ಯುತ್ ಹೋದರೆ ಗಾಬರಿಯಾಗಬೇಡಿ. ರೋಟರ್ ತಾನಾಗಿಯೇ ನಿಲ್ಲುವವರೆಗೆ ಕಾಯಿರಿ. ಜನರೇಟರ್ ಬಂದ ಮೇಲೆ ಉಳಿದ ನಿಮಿಷಗಳನ್ನು ಪೂರೈಸಿ, ನೋಟ್‌ಬುಕ್ಕಿನಲ್ಲಿ ಆ ಮಾದರಿಯ ಮುಂದೆ ಗುರುತು ಹಾಕಿ. ಮುಂದೆ ಆ ಮಾದರಿ ಉಳಿದವುಗಳಿಂದ ಬೇರೆಯಾಗಿ ಕಂಡಾಗ ಕಾರಣ ಹುಡುಕಲು ಈ ಗುರುತೇ ಆಧಾರ.

ತಿರುಗಿ ನಿಂತ ಕೊಳವೆಯಲ್ಲಿ ಮೇಲೆ ಹಳದಿ ಪ್ಲಾಸ್ಮಾ, ಅದರ ಕೆಳಗೆ ಅಕ್ಕಚ್ಚಿನ ಬಣ್ಣದ ತೆಳುವಾದ ಉಂಗುರ, ಆಮೇಲೆ ತಿಳಿಯಾದ ಫೈಕಾಲ್, ತಳದಲ್ಲಿ ಕೆಂಪು ಕಾಣುತ್ತವೆ. ನಮಗೆ ಬೇಕಾದ ಕೋಶಗಳೆಲ್ಲ ಇರುವುದು ಆ ಉಂಗುರದಲ್ಲಿ; ಮೇಲೆ ಹೇಳಿದ ಬಿಳಿ ಪದರ ಇದೇ. ಪ್ಲಾಸ್ಮಾವನ್ನು ಬಹುಪಾಲು ತೆಗೆದು ಬೇರೆ ಇಟ್ಟು, ಉಂಗುರವನ್ನು ಪಾಶ್ಚರ್ ಪಿಪೆಟ್ಟಿನಿಂದ ಸುತ್ತಲೂ ನಿಧಾನವಾಗಿ ಎಳೆದುಕೊಳ್ಳಬೇಕು. ಆಸೆಪಟ್ಟು ಕೆಳಗಿನ ಫೈಕಾಲನ್ನು ಹೆಚ್ಚು ಎಳೆದರೆ ನ್ಯೂಟ್ರೋಫಿಲ್‌ಗಳು ಬರುತ್ತವೆ, ಮೇಲಿನದನ್ನು ಹೆಚ್ಚು ಎಳೆದರೆ ರಕ್ತ ಹೆಪ್ಪುಗಟ್ಟಿಸುವ ಕಣಗಳಾದ ಪ್ಲೇಟ್‌ಲೆಟ್‌ಗಳು ಬರುತ್ತವೆ.

ತೊಳೆಯುವುದು ಮತ್ತು ಎಣಿಸುವುದು

ತೆಗೆದ ಕೋಶಗಳಿಗೆ ಕನಿಷ್ಠ ಮೂರು ಪಟ್ಟು ಬಫರ್ ಸೇರಿಸಿ ಮುನ್ನೂರು ಜಿ ಬಲದಲ್ಲಿ ಹತ್ತು ನಿಮಿಷ ತಿರುಗಿಸಿ, ಮೇಲಿನ ನೀರನ್ನು ಚೆಲ್ಲಬೇಕು. ಎರಡನೆಯ ಬಾರಿ ಇನ್ನೂರು ಜಿ ಬಲ ಸಾಕು; ಹಗುರವಾದ ಪ್ಲೇಟ್‌ಲೆಟ್‌ಗಳು ಮೇಲೆಯೇ ಉಳಿದು ನೀರಿನ ಜೊತೆ ಹೋಗುತ್ತವೆ. ಪ್ಲೇಟ್‌ಲೆಟ್‌ಗಳು ಉಳಿದರೆ ಅವು ಮೋನೋಸೈಟ್‌ಗಳಿಗೆ ಅಂಟಿಕೊಂಡು ಮುಂದಿನ ಎಲ್ಲ ಓದನ್ನೂ ಕದಡುತ್ತವೆ.

ಎಣಿಕೆಗೆ ಹತ್ತು ಮೈಕ್ರೋಲೀಟರ್ ಕೋಶಗಳಿಗೆ ಅಷ್ಟೇ ಪ್ರಮಾಣದ ಶೇಕಡಾ 0.4 ಟ್ರೈಪಾನ್ ಬ್ಲೂ ಬೆರೆಸಿ, ಐದು ನಿಮಿಷದೊಳಗೆ ಎಣಿಕೆಗೆಂದು ಚೌಕಗಳನ್ನು ಕೊರೆದ ನ್ಯೂಬಾರ್ ಫಲಕದಲ್ಲಿ ನೋಡಬೇಕು. ಸತ್ತ ಕೋಶ ನೀಲಿಯಾಗುತ್ತದೆ, ಬದುಕಿದ್ದು ಹೊಳೆಯುತ್ತದೆ. ನಾಲ್ಕು ಮೂಲೆಯ ದೊಡ್ಡ ಚೌಕಗಳಲ್ಲಿ ಒಟ್ಟು 240 ಜೀವಂತ ಕೋಶಗಳಿದ್ದರೆ ಸರಾಸರಿ 60; ಬಣ್ಣ ಬೆರೆಸಿದ್ದಕ್ಕೆ ಎರಡರಿಂದ, ಚೌಕದ ಗಾತ್ರಕ್ಕೆ ಹತ್ತು ಸಾವಿರದಿಂದ ಗುಣಿಸಿದರೆ ಪ್ರತಿ ಮಿಲಿಲೀಟರಿಗೆ ಹನ್ನೆರಡು ಲಕ್ಷ. ಆರೋಗ್ಯವಂತರ ಒಂದು ಮಿಲಿಲೀಟರ್ ರಕ್ತದಿಂದ ಸಾಮಾನ್ಯವಾಗಿ ಹತ್ತರಿಂದ ಇಪ್ಪತ್ತು ಲಕ್ಷ ಕೋಶಗಳು ಸಿಗುತ್ತವೆ, ಹೊಸ ಮಾದರಿಯಲ್ಲಿ ಶೇಕಡಾ 95ಕ್ಕಿಂತ ಹೆಚ್ಚು ಬದುಕಿರಬೇಕು. ಮಳೆಗಾಲದಲ್ಲಿ ಸೂಕ್ಷ್ಮದರ್ಶಕದ ಮಸೂರಗಳಿಗೆ ಬೂಷ್ಟು ಹಿಡಿಯುವುದು ನಮ್ಮ ಕರಾವಳಿಯ ಹಳೆಯ ಕಷ್ಟ. ಸಿಲಿಕಾ ಜೆಲ್ ಇಟ್ಟ ಮುಚ್ಚಿದ ಕಪಾಟಿನಲ್ಲಿ ಮಸೂರಗಳನ್ನಿಟ್ಟು, ಜೆಲ್ಲಿನ ಬಣ್ಣ ಬದಲಾದೊಡನೆ ಒಣಗಿಸಿ ಮತ್ತೆ ಬಳಸಬೇಕು.

ಮಾದರಿಯ ಸಂಪರ್ಕಕ್ಕೆ ಬಂದ ದ್ರವಗಳನ್ನು ಶೇಕಡಾ ಒಂದರ ಹೈಪೋಕ್ಲೋರೈಟಿನಲ್ಲಿ ಅರ್ಧ ಗಂಟೆ ಇಟ್ಟೇ ಚೆಲ್ಲಬೇಕು. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳಂತೆ ಪ್ಲಾಸ್ಟಿಕ್ ಕೊಳವೆ ಮತ್ತು ಪಿಪೆಟ್ ತುದಿಗಳು ಕೆಂಪು ಚೀಲಕ್ಕೆ, ಸೂಜಿಗಳು ಚುಚ್ಚಿ ಹೊರಬರದ ಬಿಳಿ ಡಬ್ಬಿಗೆ, ರಕ್ತ ತಾಗಿದ ಹತ್ತಿ ಬಟ್ಟೆಗಳು ಹಳದಿ ಚೀಲಕ್ಕೆ ಹೋಗುತ್ತವೆ. ಹೈಪೋಕ್ಲೋರೈಟ್ ಬೆರೆತದ್ದನ್ನು ಆಟೋಕ್ಲೇವಿಗೆ ಹಾಕಬಾರದು, ವಿಷಾನಿಲ ಬರುತ್ತದೆ.

ಹೆಪ್ಪುಗಟ್ಟಿಸಿ ಇಡುವುದು

ದಿನಕ್ಕೊಂದು ಮಾದರಿ ಬಂದಂತೆ ದಿನಕ್ಕೊಂದು ಪ್ರಯೋಗ ಮಾಡಿದರೆ, ದಿನದಿಂದ ದಿನಕ್ಕಾಗುವ ವ್ಯತ್ಯಾಸ ಫಲಿತಾಂಶದೊಳಗೆ ಸೇರಿಕೊಳ್ಳುತ್ತದೆ. ಎಲ್ಲವನ್ನೂ ಹೆಪ್ಪುಗಟ್ಟಿಸಿಟ್ಟು, ರೋಗಿಯ ಮತ್ತು ಜೊತೆಗಾರರ ಮಾದರಿಗಳನ್ನು ಒಂದೇ ದಿನ, ಒಂದೇ ಬಣ್ಣದ ಮಿಶ್ರಣದಲ್ಲಿ ನೋಡುವುದು ಸರಿಯಾದ ದಾರಿ. ಶೇಕಡಾ 90 ಕರುವಿನ ಸೀರಮ್ ಮತ್ತು ಶೇಕಡಾ 10 ಡಿಎಂಎಸ್‌ಒ (ಮಂಜಿನ ಹರಳುಗಳಿಂದ ಕೋಶವನ್ನು ಕಾಪಾಡುವ ದ್ರವ) ಇರುವ ತಣ್ಣನೆಯ ಮಿಶ್ರಣದಲ್ಲಿ, ಒಂದು ಮಿಲಿಲೀಟರಿಗೆ ಐವತ್ತು ಲಕ್ಷದಿಂದ ಒಂದು ಕೋಟಿ ಕೋಶಗಳನ್ನು ತುಂಬಿ, ನಿಮಿಷಕ್ಕೆ ಒಂದು ಡಿಗ್ರಿಯಂತೆ ತಣಿಸುವ ಐಸೋಪ್ರೊಪನಾಲ್ ಡಬ್ಬಿಯಲ್ಲಿಟ್ಟು, ಮೈನಸ್ 80 ಡಿಗ್ರಿಯ ಫ್ರೀಜರಿನಲ್ಲಿ ಒಂದು ರಾತ್ರಿ ಕಳೆಯಬೇಕು. ಮರುದಿನ ಮೈನಸ್ 196 ಡಿಗ್ರಿಯ ದ್ರವ ಸಾರಜನಕಕ್ಕೆ ಸಾಗಿಸಬೇಕು. ದನಗಳ ಕೃತಕ ಗರ್ಭಧಾರಣೆಗೆ ಬಳಸುವ ಸಾರಜನಕದ ಕ್ಯಾನನ್ನು ನಮ್ಮ ಹಳ್ಳಿಗಳಲ್ಲಿ ಕಾಣದವರಿಲ್ಲ. ಪಾತ್ರೆಯ ತತ್ವ ಅದೇ. ಮಟ್ಟವನ್ನು ವಾರಕ್ಕೆರಡು ಬಾರಿ ಕೋಲಿನಿಂದ ಅಳೆದು ಬರೆಯಬೇಕು, ಮತ್ತು ಆ ಕೋಣೆಯಲ್ಲಿ ಗಾಳಿಯಾಡುತ್ತಿರಬೇಕು, ಏಕೆಂದರೆ ಆವಿಯಾದ ಸಾರಜನಕ ಆಮ್ಲಜನಕದ ಜಾಗವನ್ನು ತುಂಬಿ ಉಸಿರುಗಟ್ಟಿಸಬಲ್ಲದು.

ಕರಗಿಸುವಾಗ ಇದಕ್ಕೆ ತದ್ವಿರುದ್ಧ: 37 ಡಿಗ್ರಿಯ ನೀರಿನಲ್ಲಿ ಬೇಗನೆ, ಚಿಕ್ಕ ಮಂಜಿನ ಹರಳು ಉಳಿದಿರುವಾಗಲೇ ತೆಗೆದು, ಬೆಚ್ಚನೆಯ ಮಾಧ್ಯಮವನ್ನು ಹನಿಹನಿಯಾಗಿ ಸೇರಿಸಬೇಕು. ಕೂಡಲೇ ಪ್ರಯೋಗಕ್ಕೆ ಇಳಿಯದೆ ಒಂದು ರಾತ್ರಿ ಕೋಶಗಳಿಗೆ ವಿರಾಮ ಕೊಟ್ಟರೆ ಅವುಗಳ ಪ್ರತಿಕ್ರಿಯೆ ಮರಳುತ್ತದೆ. ಹೆಪ್ಪುಗಟ್ಟಿಸುವುದರಿಂದ ನಷ್ಟವೂ ಇದೆ ಎಂಬುದನ್ನು ಮರೆಯಬಾರದು. ನ್ಯೂಟ್ರೋಫಿಲ್‌ಗಳು ಇದರಲ್ಲಿ ಬದುಕುವುದಿಲ್ಲ, ಸಿಡಿ62ಎಲ್‌ನಂಥ ಗುರುತಿನ ಪ್ರೋಟೀನುಗಳು ಕೋಶದ ಮೈಯಿಂದ ಕಳಚಿಹೋಗುತ್ತವೆ. ಆದ್ದರಿಂದ ಪ್ರತಿ ಮಾದರಿಯ ಐದು ಲಕ್ಷ ಕೋಶಗಳನ್ನಾದರೂ ಹೊಸದಾಗಿದ್ದಾಗಲೇ ಬಣ್ಣ ಹಚ್ಚಿ ನೋಡಬೇಕು.

ಗುರುತಿಸುವುದು

ಕೋಶದ ಮೈಮೇಲಿನ ಪ್ರೋಟೀನುಗಳಿಗೆ ಸಿಡಿ ಸಂಖ್ಯೆ ಕೊಡುವ ಪದ್ಧತಿ 1982ರಲ್ಲಿ ಪ್ಯಾರಿಸ್ಸಿನಲ್ಲಿ ನಡೆದ ಕಾರ್ಯಾಗಾರದಿಂದ ಆರಂಭವಾಯಿತು. ಈ ಪ್ರೋಟೀನುಗಳಿಗೆ ಅಂಟುವ, ಹೊಳೆಯುವ ಬಣ್ಣ ಕಟ್ಟಿದ ಪ್ರತಿಕಾಯಗಳಿಂದ ಕೋಶಗಳನ್ನು ಗುರುತಿಸುತ್ತೇವೆ. ಆರಂಭಕ್ಕೆ ಟಿ ಕೋಶಗಳಿಗೆ ಸಿಡಿ3, ಅವುಗಳೊಳಗೆ ಸಹಾಯಕ ಕೋಶಗಳಿಗೆ ಸಿಡಿ4, ಕೊಲ್ಲುವ ಕೋಶಗಳಿಗೆ ಸಿಡಿ8, ಬಿ ಕೋಶಗಳಿಗೆ ಸಿಡಿ19, ಸಹಜ ಕೊಲ್ಲುವ ಕೋಶಗಳಿಗೆ ಸಿಡಿ56, ಮೋನೋಸೈಟ್‌ಗಳಿಗೆ ಸಿಡಿ14 ಸಾಕು. ಇವುಗಳ ಜೊತೆ ಸಿಡಿ66ಬಿ ಸೇರಿಸಲು ನಾನು ಒತ್ತಾಯಿಸುತ್ತೇನೆ. ಅದು ನ್ಯೂಟ್ರೋಫಿಲ್‌ನ ಗುರುತು. ಬಿಳಿ ಪದರದಲ್ಲಿ ಅದು ಎಷ್ಟಿದೆ ಎಂಬುದನ್ನು ಪ್ರಯಾಣದ ಗಂಟೆಗಳ ಪಕ್ಕದಲ್ಲಿಟ್ಟು ನೋಡಿದರೆ, ಮಾದರಿ ದಾರಿಯಲ್ಲಿ ಎಷ್ಟು ಬಳಲಿದೆ ಎಂಬುದಕ್ಕೆ ಸಾಕ್ಷಿ ಸಿಗುತ್ತದೆ. ನಾವು ಕಳೆದುಕೊಂಡ ಆ ಎರಡು ತಿಂಗಳನ್ನು ಈ ಒಂದು ಬಣ್ಣ ಉಳಿಸಬಹುದಿತ್ತು.

ಸತ್ತ ಕೋಶಗಳು ಎಲ್ಲ ಪ್ರತಿಕಾಯಗಳನ್ನೂ ಅಂಟಿಸಿಕೊಂಡು ಸುಳ್ಳು ಹೇಳುತ್ತವೆ. ಆದ್ದರಿಂದ ಮೊದಲು ಪ್ರೋಟೀನ್ ಇಲ್ಲದ ಬಫರಿನಲ್ಲಿ ಸಾವು ಬದುಕಿನ ಬಣ್ಣ, ನಂತರ ಪ್ರತಿಕಾಯಗಳನ್ನು ಅವುಗಳ ಬಾಲದಿಂದ ಹಿಡಿದುಕೊಳ್ಳುವ ಎಫ್‌ಸಿ ಗ್ರಾಹಕಗಳನ್ನು ಮುಚ್ಚುವ ದ್ರಾವಣ, ಅದಾದ ಮೇಲೆ ಪ್ರತಿಕಾಯಗಳ ಮಿಶ್ರಣ ಹಾಕಿ, ನಾಲ್ಕು ಡಿಗ್ರಿಯಲ್ಲಿ ಕತ್ತಲಲ್ಲಿ ಅರ್ಧ ಗಂಟೆ ಇಡಬೇಕು. ತೊಳೆದು, ಶೇಕಡಾ ಒಂದರ ಪ್ಯಾರಾಫಾರ್ಮಾಲ್ಡಿಹೈಡಿನಲ್ಲಿ ಸ್ಥಿರಗೊಳಿಸಿದರೆ 24 ಗಂಟೆಯೊಳಗೆ ಓದಬಹುದು. ಕೋಶಗಳನ್ನು ಒಂದೊಂದಾಗಿ ಹರಿಸಿ ಅವುಗಳ ಬಣ್ಣ ಓದುವ ಫ್ಲೋ ಸೈಟೋಮೀಟರ್ ಯಂತ್ರ ನಿಮ್ಮಲ್ಲಿಲ್ಲದಿದ್ದರೆ ಧಾರವಾಡ ಅಥವಾ ಮಣಿಪಾಲದ ಕಡೆಗೆ ಒಯ್ಯಲು ಈ ಅವಧಿ ಸಾಕಾಗುತ್ತದೆ. ಬಣ್ಣ ಹಚ್ಚದ ಕೋಶಗಳು, ಒಂದೊಂದೇ ಬಣ್ಣ ಹಚ್ಚಿದವು, ಮತ್ತು ಮಿಶ್ರಣದಿಂದ ಒಂದೊಂದು ಬಣ್ಣ ಬಿಟ್ಟವು ಎಂಬ ಮೂರು ಬಗೆಯ ನಿಯಂತ್ರಣಗಳಿಲ್ಲದೆ, ಬಣ್ಣ ಹತ್ತಿದ ಕೋಶ ಯಾವುದು, ಹತ್ತದ್ದು ಯಾವುದು ಎಂಬ ಗೆರೆ ಎಳೆಯುವುದು ಊಹೆಯಷ್ಟೇ.

ಪ್ರಚೋದಿಸಿ ನೋಡುವುದು

ಕೋಶಗಳು ಎಷ್ಟಿವೆ ಎಂದು ತಿಳಿದರೆ ಅವು ಏನು ಮಾಡುತ್ತವೆ ಎಂದು ತಿಳಿದಂತಾಗಲಿಲ್ಲ. ಶೇಕಡಾ 10 ಸೀರಮ್ ಇರುವ ಆರ್‌ಪಿಎಂಐ 1640 ಮಾಧ್ಯಮದಲ್ಲಿ, ತಟ್ಟೆಯ ಪ್ರತಿ ಗುಳಿಗೆ ಎರಡು ಲಕ್ಷ ಕೋಶಗಳನ್ನು ಹಾಕಿ, 37 ಡಿಗ್ರಿ ಮತ್ತು ಶೇಕಡಾ 5 ಇಂಗಾಲದ ಡೈಆಕ್ಸೈಡಿನಲ್ಲಿ ಬೆಳೆಸಬೇಕು. ಟಿ ಕೋಶಗಳನ್ನು ಎಬ್ಬಿಸಲು ರಾಜ್ಮಾ ಕಾಳಿನಿಂದ ತೆಗೆದ ಫೈಟೋಹೆಮಗ್ಲುಟಿನಿನ್ ಉಪಯೋಗಿಸುತ್ತಾರೆ. ಕೆಂಪು ಕಣಗಳನ್ನು ಗುಂಪುಗೂಡಿಸಲು ಬಳಸುತ್ತಿದ್ದ ಈ ವಸ್ತುವು ವಿಶ್ರಾಂತಿಯಲ್ಲಿದ್ದ ಲಿಂಫೋಸೈಟ್‌ಗಳನ್ನು ವಿಭಜನೆಗೆ ತೊಡಗಿಸುತ್ತದೆ ಎಂಬುದನ್ನು ಪೀಟರ್ ನೊವೆಲ್ 1960ರಲ್ಲಿ ತೋರಿಸಿದರು. ಅಲ್ಲಿಯವರೆಗೆ ಲಿಂಫೋಸೈಟ್‌ ತನ್ನ ಬಾಳಿನ ಕೊನೆ ಮುಟ್ಟಿದ ಕೋಶವೆಂಬ ಭಾವನೆಯಿತ್ತು. ಮೋನೋಸೈಟ್‌ಗಳಿಗೆ ಬ್ಯಾಕ್ಟೀರಿಯಾದ ಹೊರಗೋಡೆಯ ಎಲ್‌ಪಿಎಸ್, ಮಿಲಿಲೀಟರಿಗೆ ನೂರು ನ್ಯಾನೋಗ್ರಾಂ ಸಾಕು. ಪ್ರತಿ ದಾನಿಗೂ ಪ್ರಚೋದನೆಯಿಲ್ಲದ ಗುಳಿಗಳು ಇರಲೇಬೇಕು, ಪ್ರತಿ ಸ್ಥಿತಿಗೆ ಮೂರು ಗುಳಿಗಳಾದರೂ ಬೇಕು.

ಇಲ್ಲಿ ಮಳೆಗಾಲ ಮತ್ತೊಂದು ರೀತಿಯಲ್ಲಿ ಕಾಡುತ್ತದೆ. ಹಲವು ದಿನ ಕ್ಯಾನಿನಲ್ಲಿ ನಿಂತ ಬಟ್ಟಿ ಇಳಿಸಿದ ನೀರಿನಲ್ಲಿ ಬ್ಯಾಕ್ಟೀರಿಯಾ ಬೆಳೆದು ಎಲ್‌ಪಿಎಸ್ ಸೇರಿಕೊಳ್ಳುತ್ತದೆ, ಮತ್ತು ಸಾಮಾನ್ಯ ಆಟೋಕ್ಲೇವಿಂಗ್ ಬ್ಯಾಕ್ಟೀರಿಯಾವನ್ನು ಕೊಂದರೂ ಎಲ್‌ಪಿಎಸ್ಸನ್ನು ನಾಶ ಮಾಡುವುದಿಲ್ಲ. ಅಂಥ ನೀರಿನಿಂದ ಮಾಡಿದ ಬಫರಿನಲ್ಲಿ, ಪ್ರಚೋದನೆಯಿಲ್ಲದ ಗುಳಿಯ ಮೋನೋಸೈಟ್‌ಗಳೂ ಟಿಎನ್‌ಎಫ್ ಸುರಿಸುತ್ತವೆ. ಖಾಲಿ ಗುಳಿಯ ಅಂಕಿ ಏರಿದರೆ ಮೊದಲು ನೀರನ್ನು ಅನುಮಾನಿಸಿ, ಆಮೇಲೆ ರೋಗಿಯನ್ನು. ಒದ್ದೆಯಾದ ರಟ್ಟಿನ ಪೆಟ್ಟಿಗೆಗಳನ್ನು ಕೋಶ ಬೆಳೆಸುವ ಕೋಣೆಯೊಳಗೆ ತರಬಾರದು. ಇನ್‌ಕ್ಯುಬೇಟರಿನ ನೀರಿನ ತಟ್ಟೆಯನ್ನು ವಾರಕ್ಕೊಮ್ಮೆ ತೊಳೆದು ಶುದ್ಧ ನೀರು ತುಂಬಬೇಕು.

ವ್ಯತ್ಯಾಸದಿಂದ ಕಾರಣದತ್ತ

ರೋಗಿಗಳ ಟಿ ಕೋಶಗಳು ಕಡಿಮೆ ಇಂಟರ್‌ಫೆರಾನ್ ಗಾಮಾ (ಬೇರೆ ರಕ್ಷಣಾ ಕೋಶಗಳನ್ನು ಎಬ್ಬಿಸುವ ಪ್ರೋಟೀನ್) ಬಿಡುತ್ತವೆ ಎಂದು, ಪ್ರೋಟೀನಿನ ಪ್ರಮಾಣ ಅಳೆಯುವ ಎಲೈಸಾ ಪರೀಕ್ಷೆಯಲ್ಲಿ ಕಂಡಿತೆನ್ನಿ. ಇದು ವ್ಯತ್ಯಾಸ ಮಾತ್ರ, ಕಾರಣವಲ್ಲ. ದೋಷ ಟಿ ಕೋಶದ್ದೇ ಆಗಿರಬಹುದು, ಪಕ್ಕದ ಮೋನೋಸೈಟ್ ಅದನ್ನು ತಡೆಯುತ್ತಿರಲೂಬಹುದು. ಇದನ್ನು ತಿಳಿಯಲು ಸಿಡಿ14 ಪ್ರತಿಕಾಯ ಅಂಟಿಸಿದ ಕಾಂತೀಯ ಮಣಿಗಳಿಂದ ಮೋನೋಸೈಟ್‌ಗಳನ್ನು ತೆಗೆದುಹಾಕಿ ಪ್ರಯೋಗವನ್ನು ಪುನಃ ಮಾಡಬೇಕು. ಇಂಟರ್‌ಫೆರಾನ್ ಮರಳಿದರೆ ಅನುಮಾನ ಮೋನೋಸೈಟಿನ ಮೇಲೆ ಬೀಳುತ್ತದೆ. ಆಗ ಅದೇ ಮೋನೋಸೈಟ್‌ಗಳನ್ನು ಮತ್ತೆ ಸೇರಿಸಿದರೆ ಇಂಟರ್‌ಫೆರಾನ್ ಮತ್ತೆ ಇಳಿಯಬೇಕು. ಅವು ರೋಗನಿರೋಧಕ ಪ್ರತಿಕ್ರಿಯೆಯನ್ನು ತಗ್ಗಿಸುವ ಐಎಲ್-10 ಎಂಬ ಪ್ರೋಟೀನಿನ ಮೂಲಕ ತಡೆಯುತ್ತಿವೆ ಎಂಬ ಊಹೆಯಿದ್ದರೆ, ಐಎಲ್-10ನ್ನು ಕಟ್ಟಿಹಾಕುವ ಪ್ರತಿಕಾಯವನ್ನು ಒಂದು ಗುಳಿಗೂ, ಅದೇ ಜಾತಿಯ ಆದರೆ ಏನನ್ನೂ ಗುರುತಿಸದ ಪ್ರತಿಕಾಯವನ್ನು ಪಕ್ಕದ ಗುಳಿಗೂ ಹಾಕಿ ಹೋಲಿಸಬೇಕು. ತೆಗೆದಾಗ ಮರಳಿ, ಸೇರಿಸಿದಾಗ ಇಳಿದು, ಕಟ್ಟಿಹಾಕಿದಾಗ ಮತ್ತೆ ಮರಳಿದರೆ, ಆಗ ರೋಗದ ಕಾರ್ಯವಿಧಾನದ ಬಗ್ಗೆ ಒಂದು ಮಾತು ಹೇಳುವ ಹಕ್ಕು ನಮಗೆ ಬರುತ್ತದೆ.

ಲೆಕ್ಕ ಹಾಕುವಾಗ ದಾನಿಗಳನ್ನು ಎಣಿಸಬೇಕೇ ಹೊರತು ಗುಳಿಗಳನ್ನಲ್ಲ. ಐದು ದಾನಿಗಳಿಂದ ಮೂರು ಮೂರು ಗುಳಿ ಮಾಡಿದರೆ ಅದು ಐದೇ ಮಾದರಿ, ಹದಿನೈದಲ್ಲ. ಮೂರು ಗುಳಿಗಳ ಸರಾಸರಿ ಆ ದಾನಿಯ ಒಂದು ಅಂಕಿ. ವಿಶ್ಲೇಷಣೆ ಮಾಡುವವರಿಗೆ ಯಾವ ಸಂಕೇತ ರೋಗಿಯದು ಎಂದು ಗೊತ್ತಿರಬಾರದು. ಅಂತಿಮ ಕೋಷ್ಟಕದಲ್ಲಿ ಪ್ರತಿ ದಾನಿಯ ಸಾಲಿನಲ್ಲಿ ರಕ್ತ ತೆಗೆದ ಹೊತ್ತು, ಸೆಂಟ್ರಿಫ್ಯೂಜ್ ಆರಂಭಿಸಿದ ಹೊತ್ತು, ಪೆಟ್ಟಿಗೆಯೊಳಗಿನ ಗರಿಷ್ಠ ಉಷ್ಣಾಂಶ, ಸಿಡಿ66ಬಿ ಶೇಕಡಾವಾರು, ವಿದ್ಯುತ್ ಹೋದ ಗುರುತು ಇವೆಲ್ಲವೂ ಫಲಿತಾಂಶದ ಪಕ್ಕದಲ್ಲಿಯೇ ಇರಬೇಕು. ಸಂಕೇತವನ್ನು ಬಿಡಿಸುವ ಮೊದಲು, ಫಲಿತಾಂಶವು ಈ ಅಂಕಣಗಳಲ್ಲಿ ಯಾವುದನ್ನಾದರೂ ಹಿಂಬಾಲಿಸುತ್ತಿದೆಯೇ ಎಂದು ನೋಡಬೇಕು.